ಸಗರದಿಂದ ಸುರಪುರದವರೆಗೆ: ಪಿಡ್ಡನಾಯಕನ ಆಳ್ವಿಕೆ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ನಾಡು, ಅಂದರೆ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರ ಮತ್ತು ಹುಣಸಗಿ ತಾಲೂಕುಗಳ ಬಹುಭಾಗ, ಹದಿನೇಳನೆಯ ಶತಮಾನದಲ್ಲಿ ಬೇಡ ನಾಯಕರ ಹಿಡಿತದಲ್ಲಿತ್ತು. ದಖ್ಖನಿನ ಇತಿಹಾಸವನ್ನು ಬರೆದವರು ಕೃಷ್ಣಾ ಮತ್ತು ತುಂಗಭದ್ರೆಗಳ ನಡುವಿನ ರಾಯಚೂರು ದೋಆಬಿಗೆ, ಅಂದರೆ ಎರಡು ನದಿಗಳ ನಡುವಣ ಆ ಫಲವತ್ತಾದ ಸೀಮೆಗೆ, ಕೊಟ್ಟಷ್ಟು ಗಮನವನ್ನು ಅದರ ಬಡಗಣ ನೆರೆಯ ಈ ನಾಡಿಗೆ ಕೊಟ್ಟಿಲ್ಲ. ಆದರೆ ಮೊಗಲ್ ಚಕ್ರವರ್ತಿ ಔರಂಗಜೇಬನು ತನ್ನ ಜೀವಮಾನದಲ್ಲಿ ತಾನೇ ಮುಂದೆ ನಿಂತು ನಡೆಸಿದ ಕಡೆಯ ಮುತ್ತಿಗೆ ನಡೆದದ್ದು ಇಲ್ಲಿ, ಸುರಪುರಕ್ಕೆ ಪಶ್ಚಿಮದಲ್ಲಿರುವ ವಾಗಣಗೇರಾದ ಬೆಟ್ಟದ ಮೇಲೆ, ಮತ್ತು ಅದು ನಡೆದದ್ದು ಪಿಡ್ಡನಾಯಕ ಎಂಬ ಬೇಡ ದೊರೆಯ ವಿರುದ್ಧ. ಪಾರಸಿ ಗ್ರಂಥಗಳಲ್ಲಿ ಪೀಡಿಯಾ, ಪರಿಯಾ ಎಂದೆಲ್ಲ ರೂಪಾಂತರಗೊಂಡು ಕಾಣುವ ಈ ಹೆಸರಿನ ದೊರೆಯೇ ಸ್ಥಳೀಯ ಪರಂಪರೆಯಲ್ಲಿ ಪೀತಾಂಬರ ಬಹರಿ ಪಿಡ್ಡನಾಯಕನೆಂದು, ಸುರಪುರ ಪಟ್ಟಣವನ್ನು ಕಟ್ಟಿಸಿದವನೆಂದು ಪ್ರಸಿದ್ಧನಾಗಿದ್ದಾನೆ.

ಬೇಡರ ಈ ಮನೆತನವನ್ನು ಗೋಸಲ ವಂಶವೆಂದು ಕರೆಯುತ್ತಾರೆ. ಇದರ ದೊರೆಗಳಲ್ಲಿ ಪಿಡ್ಡನಾಯಕ, ಪಾಮನಾಯಕ, ವೆಂಕಟಪ್ಪನಾಯಕ ಎಂಬ ಹೆಸರುಗಳೇ ಅಜ್ಜನಿಂದ ಮೊಮ್ಮಗನಿಗೆ ಮರಳಿ ಮರಳಿ ಬರುವುದರಿಂದ ಗಡ್ಡಿ, ಬಹರಿ, ಪೀತಾಂಬರ ಮುಂತಾದ ವಿಶೇಷಣಗಳಿಂದ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸುವ ರೂಢಿ ಬೆಳೆಯಿತು. ಆಳ್ವಿಕೆಯ ವರ್ಷಗಳನ್ನು ಎಣಿಸುವಲ್ಲಿ ಸಂಸ್ಥಾನದ ವಂಶಾವಳಿಗಳೂ ಮೊಗಲ್ ಬರಹಗಳೂ ಒಂದಕ್ಕೊಂದು ಹೊಂದುವುದಿಲ್ಲ. ಕನ್ನಡದಲ್ಲಿ ಕಪಟರಾಳ ಕೃಷ್ಣರಾಯರು ಸುರಪುರ ಸಂಸ್ಥಾನದ ಇತಿಹಾಸವನ್ನು ಬರೆದು ಸ್ಥಳೀಯ ಸಾಮಗ್ರಿಯನ್ನು ಒಂದೆಡೆ ತಂದರು. ಜದುನಾಥ ಸರ್ಕಾರರು ಔರಂಗಜೇಬನ ಚರಿತ್ರೆಯಲ್ಲಿ ಪಾರಸಿ ಸಾಮಗ್ರಿಯನ್ನು ಶೋಧಿಸಿಟ್ಟರು. ದೊರೆಯ ಬದುಕಿನ ಯುದ್ಧದ ಭಾಗವನ್ನು ತಿಳಿಯಲು ಆಧಾರವಾಗಿರುವುದು ಬಹುತೇಕ ಅವನ ಶತ್ರುಗಳ ಬರಹವೇ ಎಂಬುದನ್ನು ಓದುಗರು ಮೊದಲಿನಿಂದಲೂ ನೆನಪಿಟ್ಟುಕೊಳ್ಳಬೇಕು. ಸಾಕಿ ಮುಸ್ತೈದ್ ಖಾನನ ಮಆಸಿರ್-ಇ-ಆಲಂಗೀರಿ, ಕಾಫಿ ಖಾನನ ಇತಿಹಾಸ ಮತ್ತು ಬುಂದೇಲ ಸರದಾರ ರಾವ್ ದಳಪತನ ಸೇವೆಯಲ್ಲಿದ್ದ ಭೀಮಸೇನನ ನುಸ್ಖಾ-ಇ-ದಿಲ್ಕುಶಾ ಇವುಗಳಲ್ಲಿ ಮುಖ್ಯವಾದವು. ಇವುಗಳಲ್ಲಿ ಬೇಡರನ್ನು ಕುರಿತ ಮಾತು ಬಹುಮಟ್ಟಿಗೆ ತಿರಸ್ಕಾರದ್ದು. ಹಾಗಿದ್ದೂ ಆ ತಿರಸ್ಕಾರದ ನಡುವೆಯೇ ಶತ್ರುವಿನ ಬಲವನ್ನು ಒಪ್ಪಿಕೊಳ್ಳಬೇಕಾಗಿ ಬಂದ ಸಾಲುಗಳು ಸಾಕಷ್ಟಿವೆ, ಮತ್ತು ಒಲ್ಲದ ಮನಸ್ಸಿನಿಂದ ಬಂದ ಆ ಸಾಲುಗಳೇ ಹೆಚ್ಚು ನಂಬಲರ್ಹವಾದವು.

ಬೇಡರ ರಾಜಧಾನಿ ಮೊದಲು ಇದ್ದದ್ದು ಸಗರದಲ್ಲಿ. ಶಹಾಪುರ ತಾಲೂಕಿನ ಈ ಊರು ಬಹಮನಿ ಸುಲ್ತಾನರ ಕಾಲದಿಂದಲೂ ಕೋಟೆಯ ಊರಾಗಿ ಹೆಸರು ಮಾಡಿತ್ತು. ಅದರ ಸಮೀಪದ ಗೋಗಿಯಲ್ಲಿ ಸೂಫಿ ಸಂತ ಚಂದಾ ಹುಸೇನಿಯ ದರ್ಗಾದ ಆವರಣದಲ್ಲಿ ಯೂಸುಫ್ ಆದಿಲ್ ಶಾಹನೇ ಮೊದಲಾದ ಬಿಜಾಪುರದ ಆರಂಭದ ಸುಲ್ತಾನರ ಸಮಾಧಿಗಳಿವೆ. ಬಿಜಾಪುರದ ಅರಸುಮನೆತನ ತನ್ನ ಹಿರಿಯರನ್ನು ಮಣ್ಣು ಮಾಡಿದ ನೆಲದ ಸುತ್ತಲೇ ಬೇಡ ನಾಯಕರ ಹಳ್ಳಿಗಳಿದ್ದವು ಎಂಬುದು ಈ ಎರಡು ಶಕ್ತಿಗಳ ನಂಟು ಎಷ್ಟು ಹತ್ತಿರದ್ದಾಗಿತ್ತು ಎಂಬುದನ್ನು ತೋರಿಸುತ್ತದೆ. ಆದಿಲ್‌ಶಾಹಿ ಆಡಳಿತದಲ್ಲಿ ಕೋಟೆಗಳ ಕಾವಲಿಗೆ ಸ್ಥಳೀಯ ಕಾಲಾಳುಗಳನ್ನು ಅವರ ನಾಯಕನ ಮೂಲಕವೇ ನೇಮಿಸಿಕೊಳ್ಳುವ ಪದ್ಧತಿಯಿತ್ತು. ಇದಕ್ಕೆ ನಾಯಕವಾಡಿಯೆಂದು ಹೆಸರು. ಹೀಗೆ ಕಾವಲಿನ ಸೇವೆಯಿಂದ ಬೆಳೆದ ನಾಯಕರು ಸುಲ್ತಾನನಿಗೆ ಕಪ್ಪ ಸಲ್ಲಿಸುತ್ತ, ಕರೆ ಬಂದಾಗ ಆಳುಗಳನ್ನು ಕಳಿಸುತ್ತ, ತಮ್ಮ ನಾಡಿನೊಳಗೆ ಮಾತ್ರ ತಾವೇ ದೊರೆಗಳಾಗಿ ನಡೆದುಕೊಳ್ಳುತ್ತ ಬಂದರು.

ಈ ನಾಡಿನ ನೆಲವೂ ಅವರಿಗೆ ಅನುಕೂಲವಾಗಿತ್ತು. ಎರೆಭೂಮಿಯ ಬಯಲಿನಲ್ಲಿ ಜೋಳ ಬೆಳೆಯುತ್ತದೆ. ಆ ಬಯಲಿನ ನಡುನಡುವೆ ಹೆಬ್ಬಂಡೆಗಳು ಒಂದರ ಮೇಲೊಂದು ಒರಗಿದ ಗುಡ್ಡಗಳು ಎದ್ದು ನಿಂತಿವೆ. ಶಹಾಪುರದ ಬುದ್ಧ ಮಲಗಿದ ಬೆಟ್ಟವೆಂದು ಇಂದು ಜನ ನೋಡಲು ಬರುವ ಗುಡ್ಡಸಾಲು, ಯಾದಗಿರಿಯ ಕೋಟೆ ಬೆಟ್ಟ, ಸುರಪುರವನ್ನು ಸುತ್ತುವರಿದ ಬೆಟ್ಟಗಳು ಎಲ್ಲವೂ ಇದೇ ಬಗೆಯವು. ಇಂಥ ಬಂಡೆಗಳ ಸಂದಿಯಲ್ಲಿ ಕೋವಿ ಹಿಡಿದು ಕುಳಿತವನನ್ನು ಕುದುರೆ ಸವಾರರು ಎಬ್ಬಿಸಲಾರರು, ಮತ್ತು ಬೇಡರ ಗುರಿ ದಖ್ಖನಿನಲ್ಲಿ ಯಾರಿಗೂ ಸರಿಸಾಟಿಯಿಲ್ಲದ್ದೆಂದು ಮೊಗಲ್ ಬರಹಗಾರರೇ ಒಪ್ಪುತ್ತಾರೆ. ಇವರ ಕೋವಿಯಾಳುಗಳನ್ನು ಅವರು ಕಾಲಾ ಪ್ಯಾದೆ, ಅಂದರೆ ಕರಿಯ ಕಾಲಾಳುಗಳು ಎಂದು ಕರೆದರು. ಬೇಡ ಯೋಧನು ವೇತನ ಪಡೆದು ದೂರದಿಂದ ಬಂದವನಲ್ಲ. ಅವನಿಗೆ ತನ್ನ ಹಳ್ಳಿಯಲ್ಲಿ ಸೈನಿಕ ಸೇವೆಗಾಗಿ ತೆರಿಗೆಯಿಲ್ಲದೆ ಬಿಟ್ಟುಕೊಟ್ಟ ಉಂಬಳಿ ಹೊಲವಿತ್ತು, ಆ ಹೊಲ ಮಗನಿಗೆ ಸಲ್ಲುತ್ತಿತ್ತು, ಆದ್ದರಿಂದ ದೊರೆಯ ಗದ್ದುಗೆಯ ಉಳಿವು ಅವನ ಹೊಲದ ಉಳಿವೂ ಆಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದ ಆಡಳಿತವನ್ನು ನೋಡಿಕೊಂಡ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನಿಗೂ ಈ ವ್ಯವಸ್ಥೆ ಉಳಿದುಕೊಂಡೇ ಕಾಣಿಸಿತು.

ಪಿಡ್ಡನಾಯಕನ ಹಿಂದಿನ ದೊರೆ ಪಾಮನಾಯಕ. ಸುರಪುರ ತಾಲೂಕಿನ ಬೋನಾಳದ ಕೆರೆ, ಇಂದು ಪಕ್ಷಿಧಾಮವಾಗಿ ಹೆಸರಾಗಿರುವುದು, ಇವನ ಹೆಸರಿನೊಂದಿಗೇ ಸೇರಿಕೊಂಡಿದೆ. 1680ರ ಆರಂಭದಲ್ಲಿ ಮೊಗಲ್ ಸೇನಾನಿ ದಿಲೇರ್ ಖಾನ್ ಬಿಜಾಪುರವನ್ನು ಗೆಲ್ಲಲಾಗದೆ ಹಿಂದಿರುಗುವಾಗ ಬೇಡರ ನಾಡಿನ ಮೇಲೆ ಏರಿಬಂದು ಗೋಗಿಯ ಬಳಿ ನಡೆದ ಕಾಳಗದಲ್ಲಿ ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡು ಹಿಮ್ಮೆಟ್ಟಿದ ಮೇಲೆ ಪಾಮನಾಯಕನ ಹೆಸರು ದಖ್ಖನಿನಾದ್ಯಂತ ಹಬ್ಬಿತು. ಮುಂದೆ ಔರಂಗಜೇಬನೇ ಬಿಜಾಪುರಕ್ಕೆ ಮುತ್ತಿಗೆ ಹಾಕಿದಾಗ ಪಾಮನಾಯಕನು ಸುಲ್ತಾನ ಸಿಕಂದರನಿಗೆ ಧಾನ್ಯವನ್ನೂ ಕೋವಿಯಾಳುಗಳನ್ನೂ ಕಳಿಸಿದನು. ಆದರೆ 1686ರ ಸೆಪ್ಟೆಂಬರಿನಲ್ಲಿ ಬಿಜಾಪುರ ಬಿತ್ತು. ಮರುವರ್ಷ ಅದೇ ತಿಂಗಳಲ್ಲಿ ಗೋಲ್ಕೊಂಡವೂ ಬಿತ್ತು. ಎರಡು ದೊಡ್ಡ ಗೋಡೆಗಳು ಉರುಳಿದ ಮೇಲೆ ಅವುಗಳ ನಡುವಿನ ಸಣ್ಣ ನಾಡಿಗೆ ಆಸರೆಯೆಂಬುದು ಉಳಿಯಲಿಲ್ಲ. 1687ರ ನವೆಂಬರಿನಲ್ಲಿ ಮೊಗಲ್ ಸೇನಾನಿ ರುಹುಲ್ಲಾ ಖಾನನ ಮಗ ಖಾನಜಾದ್ ಖಾನನು ಸಗರವನ್ನು ವಶಪಡಿಸಿಕೊಂಡಾಗ ಪಾಮನಾಯಕನು ಶರಣಾಗಿ ಡಿಸೆಂಬರಿನ ಕೊನೆಯಲ್ಲಿ ಚಕ್ರವರ್ತಿಯ ಆಸ್ಥಾನಕ್ಕೆ ಹೋದನು. ಆಸ್ಥಾನದ ಇತಿಹಾಸಕಾರನು ಅವನ ಮೈಬಣ್ಣ ಮತ್ತು ರೂಪವನ್ನು ಕುರಿತು ಹಗುರವಾಗಿ ಬರೆದುಕೊಂಡಿದ್ದಾನೆ. ದರ್ಬಾರಿನ ಜರತಾರಿಯ ನಡುವೆ ನಿಂತ ಆ ಮನುಷ್ಯನು ಏಳು ವರ್ಷಗಳ ಹಿಂದೆ ದಿಲೇರ್ ಖಾನನಂಥವನನ್ನು ಓಡಿಸಿದ್ದನೆಂಬುದನ್ನು ನೆನೆದರೆ ಆ ಹಗುರ ಮಾತು ಎಷ್ಟು ತೆಳುವಾದದ್ದೆಂದು ತಿಳಿಯುತ್ತದೆ. ಆಸ್ಥಾನಕ್ಕೆ ಬಂದ ಕೆಲವೇ ದಿನಗಳಲ್ಲಿ, 1688ರ ಹೊಸ್ತಿಲಲ್ಲಿ, ಪಾಮನಾಯಕನು ಅಲ್ಲಿಯೇ ತೀರಿಕೊಂಡನು.

ಪಾಮನಾಯಕನು ತಮ್ಮನ ಮಗನಾದ ಪಿಡ್ಡನಾಯಕನನ್ನು ದತ್ತು ಪಡೆದಿದ್ದನು. ರಾಜಧಾನಿಯಿಲ್ಲ, ಖಜಾನೆಯಿಲ್ಲ, ಬೆಂಬಲಕ್ಕೆ ಬರುವ ಸುಲ್ತಾನನಿಲ್ಲ ಎಂಬ ಸ್ಥಿತಿಯಲ್ಲಿ ನಾಯಕತ್ವ ವಹಿಸಿಕೊಂಡ ಪಿಡ್ಡನಾಯಕನ ಮೊದಲ ಹೆಜ್ಜೆ ಎದುರಿಸುವುದಾಗಿರದೆ ಒಳಸೇರುವುದಾಗಿತ್ತು. ಅವನು ಮೊಗಲರ ಸೇವೆಗೆ ಸೇರಿ, 1689ರಲ್ಲಿ ರುಹುಲ್ಲಾ ಖಾನನು ರಾಯಚೂರಿಗೆ ಮುತ್ತಿಗೆ ಹಾಕಿದಾಗ ತನ್ನ ಆಳುಗಳೊಂದಿಗೆ ಅವನ ಕಡೆ ನಿಂತು ಕಾದಿದನು. ರಾಯಚೂರು ಕೈವಶವಾದ ಮೇಲೆ, ಊರಿಗೆ ಹೋಗಿ ಒಂದು ವಾರದಲ್ಲಿ ಹಿಂದಿರುಗುತ್ತೇನೆಂದು ಅಪ್ಪಣೆ ಪಡೆದು ಹೊರಟವನು ವಾಗಣಗೇರಾದ ಬೆಟ್ಟವನ್ನೇರಿ, ಕೋಟೆಯ ಗೋಡೆಗಳನ್ನು ಎತ್ತರಿಸಿ, ಧಾನ್ಯ ಮದ್ದುಗುಂಡುಗಳನ್ನು ತುಂಬಿಸಿಟ್ಟು, ಹಿಂದಿರುಗುವ ಮಾತನ್ನೇ ಮರೆತನು. ಮೊಗಲ್ ಗ್ರಂಥಗಳು ಇದನ್ನು ದ್ರೋಹವೆಂದು ಬರೆದಿವೆ. ಆದರೆ ತನ್ನ ಹಿರಿಯನು ಶರಣಾಗಿ ಹೋದ ಆಸ್ಥಾನದಿಂದ ಜೀವಂತ ಮರಳದಿದ್ದುದನ್ನು ಕಂಡವನಿಗೆ ಶರಣಾಗತಿಯ ಬೆಲೆ ಚೆನ್ನಾಗಿಯೇ ತಿಳಿದಿತ್ತು.

ವಾಗಣಗೇರಾ ಸಗರಕ್ಕಿಂತ ಹೆಚ್ಚು ಬಿಗಿಯಾದ ನೆಲೆ. ಬೆಟ್ಟದ ಮೇಲೆ ಕೋಟೆ. ಅದರ ಬುಡದ ಬಯಲಿನಲ್ಲಿ ಮಣ್ಣಿನ ಗೋಡೆಯ ತಳವಾರಗೇರಾ ಎಂಬ ಪೇಟೆ, ಅಂದರೆ ಕೋಟೆಯವರಿಗೆ ಬೇಕಾದ ಸಾಮಾನು ಸರಂಜಾಮು ದೊರೆಯುತ್ತಿದ್ದ ಸಂತೆಯ ಊರು. ಅದರ ಆಚೆ ಸಾಮಾನ್ಯ ಬೇಡರ ಗುಡಿಸಲುಗಳು. ಸುತ್ತಲೂ ಒಂದೊಂದಾಗಿ ಎದ್ದ ಗುಡ್ಡಗಳು. ಅವುಗಳಲ್ಲಿ ಕೆಂಪು ಬಣ್ಣದ ಒಂದನ್ನು ಮೊಗಲರು ಲಾಲ್ ಟೇಕಡಿ, ಕೆಂಗುಡ್ಡ, ಎಂದು ಕರೆದರು. ಅದನ್ನು ಹಿಡಿದವನಿಗೆ ಕೋಟೆಯ ಒಂದು ಭಾಗ ಕಣ್ಣಳತೆಗೆ ಸಿಗುತ್ತಿತ್ತು.

ಮುಂದಿನ ಹದಿನೈದು ವರ್ಷ ಪಿಡ್ಡನಾಯಕನು ಆಡಳಿತ ನಡೆಸಿದ ಬಗೆಯೇ ಅವನ ಜೀವನದ ಅತ್ಯಂತ ಕುತೂಹಲದ ಭಾಗ. 1691ರಲ್ಲಿ ಚಕ್ರವರ್ತಿಯ ಕಿರಿಯ ಮಗ ಕಾಮಬಕ್ಷನನ್ನು ವಾಗಣಗೇರಾದ ಮೇಲೆ ಕಳಿಸಲಾಯಿತು. ಕೆಲಸ ಮುಗಿಯುವ ಮೊದಲೇ ಅವನನ್ನು ದೂರದ ತಮಿಳು ಸೀಮೆಯ ಜಿಂಜಿ ಕೋಟೆಗೆ ಹೊರಡಿಸಬೇಕಾಯಿತು. ಅನಂತರ ಬೇರೆ ಸರದಾರರು ಬಂದರು, ರಾಜಕುಮಾರ ಆಜಮನು ಬಂದನು, ಸೇನಾನಿ ಫಿರೋಜ್ ಜಂಗನು ಬಂದನು. ಪ್ರತಿ ಸಲವೂ ಪಿಡ್ಡನಾಯಕನು ಮೊದಲು ಬಂಡೆಗಳ ಮರೆಯಿಂದ ಕಾದಿ, ಶತ್ರುವಿಗೆ ಸಾಕೆನಿಸುವ ಹೊತ್ತಿಗೆ ಸರಿಯಾಗಿ ಸಂಧಾನದ ಮಾತೆತ್ತಿ, ಪೇಷ್ಕಶ್ ಎಂಬ ಕಪ್ಪಕಾಣಿಕೆಯಾಗಿ ಲಕ್ಷಗಟ್ಟಲೆ ರೂಪಾಯಿ ಒಪ್ಪಿಕೊಂಡು, ಸೇನೆ ಹಿಂದಿರುಗಿದ ಕೂಡಲೇ ಹಳೆಯ ದಾರಿಗೆ ಮರಳುತ್ತಿದ್ದನು. ಈ ಹಣ ಕೊಟ್ಟದ್ದನ್ನು ಸೋಲೆಂದು ಎಣಿಸುವುದು ತಪ್ಪಾದೀತು. ಚಕ್ರವರ್ತಿಯ ಸೇನೆಗೆ ಮರಾಠರ ಕಾಟ ಒಂದೆಡೆಯಾದರೆ ಕರ್ನಾಟಕದ ಕೆಳನಾಡಿನ ಯುದ್ಧ ಇನ್ನೊಂದೆಡೆ. ಬೇಡರ ಬೆಟ್ಟದ ಕೆಳಗೆ ಅದು ಒಂದು ಮಳೆಗಾಲಕ್ಕಿಂತ ಹೆಚ್ಚು ಕಾಲ ನಿಲ್ಲಲಾರದೆಂಬುದು ನಾಯಕನಿಗೆ ತಿಳಿದಿತ್ತು, ಮತ್ತು ಅವನು ಕೊಂಡದ್ದು ಆ ಕಾಲವನ್ನೇ. ಇದಕ್ಕೆ ಬೇಕಾದ ಹಣ ನಾಡಿನ ಕಂದಾಯದಿಂದಲೂ, ಬಿಜಾಪುರ ಗುಲಬರ್ಗಾಗಳ ನಡುವಣ ದಾರಿಗಳಲ್ಲಿ ಅವನ ಆಳುಗಳು ನಡೆಸಿದ ಸೂರೆಯಿಂದಲೂ ಬರುತ್ತಿತ್ತು. ಸೂರೆಗೊಳಗಾದ ಬಂಜಾರರು, ವ್ಯಾಪಾರಿಗಳು ಮತ್ತು ನೆರೆಹಳ್ಳಿಗಳ ರೈತರ ಕಣ್ಣಿಗೆ ಈ ದೊರೆ ಸ್ವಾತಂತ್ರ್ಯವೀರನಾಗಿ ಕಂಡಿರಲಾರನು. ಇತ್ತೀಚಿನ ಸ್ಮರಣ ಬರಹಗಳು ಈ ಮಗ್ಗುಲನ್ನು ಜಾರಿಸಿಬಿಡುವುದುಂಟು.

ಇದೇ ಕಾಲದಲ್ಲಿ ಇಟಲಿಯ ವಾಯವ್ಯ ಮೂಲೆಯಲ್ಲಿ ಸವಾಯ್ ಎಂಬ ಸಂಸ್ಥಾನವನ್ನು ಆಳುತ್ತಿದ್ದ ಡ್ಯೂಕ್ ಎರಡನೆಯ ವಿಕ್ಟರ್ ಅಮೆಡಿಯಸನ ನಡೆಯನ್ನು ಇಲ್ಲಿ ಪಕ್ಕದಲ್ಲಿಟ್ಟು ನೋಡುವುದು ವ್ಯರ್ಥವಲ್ಲ. ಡ್ಯೂಕ್ ಎಂದರೆ ರಾಜನಿಗಿಂತ ಒಂದು ಮೆಟ್ಟಿಲು ಕೆಳಗಿನ, ಆದರೆ ತನ್ನ ನಾಡಿನಲ್ಲಿ ರಾಜನಂತೆಯೇ ಆಳುವ ಒಡೆಯ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ಮತ್ತು ಆಸ್ಟ್ರಿಯಾದ ಚಕ್ರವರ್ತಿಗಳ ನಡುವೆ ಸಿಲುಕಿದ ಈ ಡ್ಯೂಕನು 1690ರಲ್ಲಿ ಫ್ರಾನ್ಸಿನ ವಿರುದ್ಧ ನಿಂತು, 1696ರಲ್ಲಿ ಪ್ರತ್ಯೇಕ ಒಪ್ಪಂದ ಮಾಡಿಕೊಂಡು, 1701ರಲ್ಲಿ ಫ್ರಾನ್ಸಿನ ಜೊತೆಗೂಡಿ, 1703ರಲ್ಲಿ ಮತ್ತೆ ಪಕ್ಷ ಬದಲಿಸಿದನು. 1706ರಲ್ಲಿ ಫ್ರೆಂಚರು ಅವನ ರಾಜಧಾನಿ ಟುರಿನ್ನಿಗೆ ಮುತ್ತಿಗೆ ಹಾಕಿದಾಗ ಡ್ಯೂಕನು ನಗರದೊಳಗೆ ಕುಳಿತುಕೊಳ್ಳದೆ ಕುದುರೆ ಸವಾರರೊಂದಿಗೆ ಹೊರಬಿದ್ದು, ಬೆಟ್ಟಗಳ ನಡುವೆ ತಿರುಗುತ್ತ, ಕೊನೆಗೆ ದಾಯಾದಿ ಯೂಜೀನನ ಸೇನೆಯೊಡನೆ ಬಂದು ಸೆಪ್ಟೆಂಬರಿನಲ್ಲಿ ಮುತ್ತಿಗೆಯನ್ನು ಮುರಿದನು. 1713ರ ಸಂಧಾನದಲ್ಲಿ ಅವನು ರಾಜಪದವಿಯನ್ನೇ ಪಡೆದನು. ಯುರೋಪಿನ ಇತಿಹಾಸಕಾರರು ಅವನನ್ನು ಚತುರ ರಾಜಕಾರಣಿಯೆಂದು ಹೊಗಳುತ್ತಾರೆ. ಹೆಚ್ಚುಕಡಿಮೆ ಇದೇ ಬಗೆಯ ನಡೆಗೆ ಪಾರಸಿ ಇತಿಹಾಸಕಾರರು ಪಿಡ್ಡನಾಯಕನನ್ನು ವಚನಭ್ರಷ್ಟನೆಂದು ಹಳಿದರು.

1700ರಿಂದ 1704ರವರೆಗೆ ಔರಂಗಜೇಬನು ಸಾತಾರಾ, ಪನ್ಹಾಳ, ವಿಶಾಲಗಡ, ಸಿಂಹಗಡ, ರಾಜಗಡ, ತೋರಣಾ ಎಂದು ಮರಾಠರ ಕೋಟೆಗಳನ್ನು ಒಂದೊಂದಾಗಿ ಹಿಡಿಯುತ್ತ, ಹಿಡಿದದ್ದನ್ನು ಮರಳಿ ಕಳೆದುಕೊಳ್ಳುತ್ತ ಸಹ್ಯಾದ್ರಿಯಲ್ಲಿ ತಿರುಗಿದನು. 1704ರ ಅಕ್ಟೋಬರಿನಲ್ಲಿ ಅವನು ಪುಣೆಯ ಸೀಮೆಯಿಂದ ಹೊರಟು ಮೂಡಣ ದಿಕ್ಕಿಗೆ ತಿರುಗಿದಾಗ ಅವನಿಗೆ ಸುಮಾರು ಎಂಬತ್ತಾರು ವರ್ಷ. ಪಲ್ಲಕ್ಕಿಯಲ್ಲಿ ಕುಳಿತು ಬಂದ ಆ ವೃದ್ಧ ಚಕ್ರವರ್ತಿಯ ಹಿಂದೆ ಒಂದು ಚಲಿಸುವ ನಗರವೇ ಬಂದಿತು: ಡೇರೆಗಳು, ಕಚೇರಿಗಳು, ಬಜಾರುಗಳು, ಆನೆ ಒಂಟೆಗಳು. 1705ರ ಫೆಬ್ರವರಿ 8ರಂದು ಈ ಸೇನೆ ವಾಗಣಗೇರಾವನ್ನು ಸಮೀಪಿಸಿತು. ಚಿನ್ ಕಿಲಿಚ್ ಖಾನ್, ಮುಹಮ್ಮದ್ ಅಮೀನ್ ಖಾನ್, ತೋಪುಖಾನೆಯ ಮುಖ್ಯಸ್ಥ ತರ್ಬಿಯತ್ ಖಾನ್ ಇವರು ಮುತ್ತಿಗೆಯ ಮುಂದಾಳುಗಳು.

ಆರಂಭದಲ್ಲೇ ಒಂದು ದಿನ ಸುತ್ತಣ ನೆಲವನ್ನು ಪರೀಕ್ಷಿಸಲು ಹೋದ ಮೊಗಲ್ ಸರದಾರರಿಗೆ ಕೆಂಗುಡ್ಡ ಕಾವಲಿಲ್ಲದೆ ಬಿದ್ದಿರುವುದು ಕಂಡುಬಂದು, ಅವರು ಅದನ್ನು ಹತ್ತಿ ಹಿಡಿದರು. ಆದರೆ ಹಾಸುಬಂಡೆಯ ಮೇಲೆ ಮರೆಗಾಗಿ ಕಂದಕ ತೋಡಲು ಗುದ್ದಲಿ ಇಳಿಯಲಿಲ್ಲ. ಅಷ್ಟರಲ್ಲಿ ಬೇಡರು ಗುಂಪುಗುಂಪಾಗಿ ಮೇಲೇರಿ ಬಂದು ಗುಂಡು ಮತ್ತು ಕಲ್ಲುಗಳ ಮಳೆಗರೆದುದರಿಂದ ಗುಡ್ಡವನ್ನು ಬಿಟ್ಟು ಇಳಿಯುವುದು ಅನಿವಾರ್ಯವಾಯಿತು. ಅನಂತರದ ವಾರಗಳಲ್ಲಿ ಮುತ್ತಿಗೆ ಹಾಕಿದವರೇ ಮುತ್ತಿಗೆಗೊಳಗಾದಂತಾಯಿತು. ದಮದಮೆ, ಅಂದರೆ ತೋಪುಗಳನ್ನು ಏರಿಸಲು ಕಟ್ಟುವ ಮಣ್ಣಿನ ದಿಬ್ಬ, ಒಂದಿಷ್ಟು ಮೇಲೆದ್ದರೆ ರಾತ್ರಿ ಬೇಡರು ಬಂದು ಕೆಲಸಗಾರರನ್ನು ಚದರಿಸುತ್ತಿದ್ದರು. ಮಾರ್ಚ್ ತಿಂಗಳ ಕೊನೆಯಲ್ಲಿ ಧನಾಜಿ ಜಾಧವ ಮತ್ತು ಹಿಂದೂರಾವ್ ಎಂಬ ಮರಾಠ ಸರದಾರರು ಐದಾರು ಸಾವಿರ ಸವಾರರೊಂದಿಗೆ ಬಂದಿಳಿದರು. ಅವರು ಬಂದದ್ದು ಬರಿಯ ಸ್ನೇಹಕ್ಕಾಗಿ ಅಲ್ಲ. ಮರಾಠ ಕುಟುಂಬಗಳು ಸುರಕ್ಷಿತವೆಂದು ನಂಬಿ ಈ ಕೋಟೆಯಲ್ಲಿ ಆಶ್ರಯ ಪಡೆದಿದ್ದವು, ಮತ್ತು ಸವಾರರ ದಿನದ ಖರ್ಚಿಗೆ ಪಿಡ್ಡನಾಯಕನು ಸಾವಿರಾರು ರೂಪಾಯಿ ಕೊಡುತ್ತಿದ್ದನು. ಮರಾಠರು ಒಂದು ದಿಕ್ಕಿನಲ್ಲಿ ಮೊಗಲರನ್ನು ಎಳೆದು ಕಾದಾಡುತ್ತಿರುವಾಗ ಬೇರೊಂದು ತಂಡ ಕೋಟೆಯ ಹಿಂಬದಿಯಿಂದ ಹೆಂಗಸರನ್ನೂ ಮಕ್ಕಳನ್ನೂ ಕುದುರೆಯ ಮೇಲೆ ಕೂರಿಸಿಕೊಂಡು ಹೊರಟುಹೋಯಿತು.

ಈ ನಡುವೆ ನಡೆದ ಸಂಧಾನದ ಪ್ರಸಂಗ ಮೊಗಲ್ ಇತಿಹಾಸಕಾರರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳು. ಅಬ್ದುಲ್ ಗನಿ ಎಂಬ ಕಾಶ್ಮೀರಿ ವ್ಯಾಪಾರಿ ಕೋಟೆಯಿಂದ ಶರಣಾಗತಿಯ ಪತ್ರವೊಂದನ್ನು ಪಾಳೆಯಕ್ಕೆ ತಂದನು. ನಾಯಕನ ಸಹೋದರ ಸೋಮಶಂಕರನು ಒತ್ತೆಯಾಗಿ ಬಂದು ಚಕ್ರವರ್ತಿಯ ಮುಂದೆ ನಿಂತನು. ಅವನಿಗೆ ನಾಡಿನ ಜಮೀನ್ದಾರಿಯನ್ನು, ಅಂದರೆ ಕಂದಾಯ ವಸೂಲಿಯ ಹಕ್ಕನ್ನು, ಕೊಡುವುದೆಂದಾಯಿತು. ಮುಹ್ತಶಮ್ ಖಾನ್ ಎಂಬವನು ಕಿಲ್ಲೇದಾರನಾಗಿ, ಅಂದರೆ ಕೋಟೆಯ ಮೇಲ್ವಿಚಾರಕನಾಗಿ, ಕೆಲವೇ ಜನರೊಂದಿಗೆ ಒಳಗೆ ಹೋದನು. ಪಾಳೆಯದಲ್ಲಿ ವಿಜಯದ ನಗಾರಿಗಳು ಮೊಳಗಿದವು. ಆಮೇಲೆ ಪಿಡ್ಡನಾಯಕನಿಗೆ ಹುಚ್ಚು ಹಿಡಿದು ಮರಾಠರೊಂದಿಗೆ ಓಡಿಹೋಗಿದ್ದಾನೆಂದು ಅವನ ತಾಯಿಯಿಂದ ಸುದ್ದಿ ಬಂದು, ಸೋಮಶಂಕರನನ್ನು ಹಿಂದಕ್ಕೆ ಕಳಿಸಿದರೆ ಒಂದು ವಾರದಲ್ಲಿ ಕೋಟೆಯನ್ನು ತೆರವು ಮಾಡುವೆನೆಂದು ಆಕೆ ಬೇಡಿಕೊಂಡಳು. ಸೋಮಶಂಕರನನ್ನು ಕಳಿಸಲಾಯಿತು. ನಾಯಕನಿಗೆ ಹುಚ್ಚೂ ಹಿಡಿದಿರಲಿಲ್ಲ, ಅವನು ಎಲ್ಲಿಗೂ ಹೋಗಿರಲೂ ಇಲ್ಲ. ಕಿಲ್ಲೇದಾರನಾಗಿ ಹೋದವನು ಕೋಟೆಯೊಳಗೆ ಸೆರೆಯಾಳಾದನು. ಬದುಕಿನುದ್ದಕ್ಕೂ ಸಂಧಾನಗಳನ್ನು ತನ್ನ ಅನುಕೂಲಕ್ಕೆ ತಿರುಗಿಸಿಕೊಂಡ ಔರಂಗಜೇಬನನ್ನು ಅವನ ಆಟದಲ್ಲೇ ಸೋಲಿಸಿದ ಈ ನಾಟಕದಲ್ಲಿ ನಾಯಕನ ತಾಯಿ ವಹಿಸಿದ ಪಾತ್ರ ಗಮನಾರ್ಹವಾದದ್ದು. ಆಕೆಯ ಹೆಸರನ್ನು ಬರೆದಿಡುವ ಗೋಜಿಗೆ ಆಸ್ಥಾನದ ಲೇಖಕರು ಹೋಗಲಿಲ್ಲ.

ಪರಿಸ್ಥಿತಿ ಬದಲಾದದ್ದು ಜುಲ್ಫಿಕರ್ ಖಾನ್ ನುಸ್ರತ್ ಜಂಗನು ಬಂದ ಮೇಲೆ. ಎಂಟು ವರ್ಷ ಜಿಂಜಿಯ ಮುಂದೆ ಕಳೆದು ಕೊನೆಗೆ 1698ರಲ್ಲಿ ಅದನ್ನು ಗೆದ್ದಿದ್ದ ಈ ಸೇನಾನಿ, ದಾವೂದ್ ಖಾನ್ ಮತ್ತು ರಾವ್ ದಳಪತ್ ಬುಂದೇಲರೊಂದಿಗೆ ಬಂದು, ಕೋಟೆಯ ಗೋಡೆಯನ್ನು ಒಡೆಯುವ ಹಟವನ್ನು ಬಿಟ್ಟು ಅದರ ಬುಡದ ನೀರಿನ ಮೇಲೆ ಕಣ್ಣಿಟ್ಟನು. ಏಪ್ರಿಲ್ ತಿಂಗಳಲ್ಲಿ ಸುರಪುರ ಸೀಮೆಯ ಬಿಸಿಲು ಹೇಗಿರುತ್ತದೆಂಬುದು ಆ ಭಾಗದವರಿಗೆ ಹೇಳಬೇಕಾಗಿಲ್ಲ. ಹಳ್ಳಗಳು ಬತ್ತಿ ಬಂಡೆಗಳು ಕಾಯುವ ಆ ದಿನಗಳಲ್ಲಿ ಪೇಟೆಯ ಪಕ್ಕದ ಬಾವಿಗಳನ್ನು ಜುಲ್ಫಿಕರ್ ಖಾನನು ಕಾದಾಡಿ ವಶಪಡಿಸಿಕೊಂಡನು. ಏಪ್ರಿಲ್ 27ರಂದು ತಳವಾರಗೇರಾದ ಮಣ್ಣಿನ ಗೋಡೆಯ ಮೇಲೆ ನೇರ ದಾಳಿ ನಡೆಯಿತು. ಬುಂದೇಲರು ಕುದುರೆಗಳಿಂದಿಳಿದು ಕಾಲ್ನಡಿಗೆಯಲ್ಲಿ ನುಗ್ಗಿದರು, ಎರಡೂ ಕಡೆ ಬಹಳ ಜನ ಬಿದ್ದರು, ಪೇಟೆ ಕೈವಶವಾಯಿತು. ಆ ರಾತ್ರಿ ಪಿಡ್ಡನಾಯಕನು ಮನೆಗಳಿಗೆ ಬೆಂಕಿ ಹಚ್ಚಿಸಿ ಮರಾಠ ಸವಾರರ ಜೊತೆ ಕತ್ತಲೆಯಲ್ಲಿ ಹೊರಟುಹೋದನು. ಬೆಳಗ್ಗೆ ಒಳಹೊಕ್ಕ ಮೊಗಲರಿಗೆ ದೊರೆತದ್ದು ಸುಟ್ಟ ಮನೆಗಳು ಮತ್ತು ಒಂದಷ್ಟು ತೋಪುಗಳು. ದೇವರ ದಯೆಯಿಂದ ದೊರೆತದ್ದು ಎಂಬ ಅರ್ಥದಲ್ಲಿ ಕೋಟೆಗೆ ರೆಹಮಾನ್ ಬಕ್ಷ್ ಎಂದು ಹೆಸರಿಡಲಾಯಿತು.

ಸುಮಾರು ಎಂಬತ್ತು ದಿನಗಳ ಮುತ್ತಿಗೆಯ ಫಲ ಇಷ್ಟು. ಕೋಟೆ ಸಿಕ್ಕಿತು, ನಾಯಕನು ಸಿಗಲಿಲ್ಲ, ಅವನ ಹಣ ಸಿಗಲಿಲ್ಲ, ಅವನ ಕೋವಿಯಾಳುಗಳು ತಂತಮ್ಮ ಹಳ್ಳಿಗಳಿಗೆ ಹೋಗಿ ಹೊಲಗಳಲ್ಲಿ ಸೇರಿಕೊಂಡರು. ಮಳೆಗಾಲ ಕಳೆಯಲೆಂದು ಚಕ್ರವರ್ತಿಯು ಹತ್ತಿರದ ದೇವಾಪುರದಲ್ಲಿ ಪಾಳೆಯ ಹೂಡಿದನು. ಅಲ್ಲಿ ಅವನು ತೀವ್ರವಾಗಿ ಕಾಯಿಲೆ ಬಿದ್ದು, ಪಾಳೆಯವೆಲ್ಲ ಅವನ ಸಾವಿನ ಸುದ್ದಿಗಾಗಿ ಹೆದರಿ ಕುಳಿತಿತು. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಹೊರಟವನು 1706ರ ಜನವರಿಯಲ್ಲಿ ಅಹ್ಮದ್‌ನಗರವನ್ನು ತಲುಪಿದನು. ಮರುವರ್ಷ ಅಲ್ಲಿಯೇ ಕಣ್ಣುಮುಚ್ಚಿದನು. ವಾಗಣಗೇರಾದ ಅನಂತರ ಅವನು ಸ್ವತಃ ಯಾವ ಕೋಟೆಯ ಮುಂದೆಯೂ ನಿಲ್ಲಲಿಲ್ಲ.

ಚಕ್ರವರ್ತಿ ಸತ್ತ ಸುದ್ದಿ ಹಬ್ಬಿದ ಕೂಡಲೇ ಪಿಡ್ಡನಾಯಕನು ವಾಗಣಗೇರಾವನ್ನು ಮರಳಿ ಹಿಡಿದನು. ಬಿಜಾಪುರದಲ್ಲಿ ತಾನೇ ಬಾದಶಹನೆಂದು ಸಾರಿಕೊಂಡ ಕಾಮಬಕ್ಷನು, ಹದಿನಾರು ವರ್ಷಗಳ ಹಿಂದೆ ಅರ್ಧಕ್ಕೆ ಬಿಟ್ಟಿದ್ದ ಕೆಲಸವನ್ನು ಮುಗಿಸಲೆಂಬಂತೆ ಮತ್ತೆ ಈ ಕೋಟೆಗೆ ಮುತ್ತಿಗೆ ಹಾಕಿ ಕೆಲವು ದಿನಗಳಲ್ಲಿ ಅದನ್ನು ಪಡೆದನೆಂದು ಕಾಫಿ ಖಾನನು ಬರೆಯುತ್ತಾನೆ. ಅದರಿಂದಲೂ ಹೆಚ್ಚಿನದೇನೂ ಆಗಲಿಲ್ಲ. ಕಾಮಬಕ್ಷನು 1709ರ ಜನವರಿಯಲ್ಲಿ ಹೈದರಾಬಾದಿನ ಬಳಿ ಅಣ್ಣನ ಸೇನೆಯೊಡನೆ ಕಾದಾಡುತ್ತ ಗಾಯಗೊಂಡು ಸತ್ತನು, ಬೇಡರ ನಾಡು ಬೇಡರಿಗೇ ಉಳಿಯಿತು. ಕೋಟೆಯೊಂದು ಹೋಗಿ ಬಂದು ಮತ್ತೆ ಹೋದರೂ ಆಳ್ವಿಕೆ ಕಡಿಯದೆ ನಡೆದದ್ದಕ್ಕೆ ಕಾರಣ, ಈ ಸಂಸ್ಥಾನದ ಬಲ ಬೆಟ್ಟದ ಮೇಲಿನ ಗೋಡೆಗಳಲ್ಲಿರದೆ ಉಂಬಳಿ ಹೊಲಗಳಲ್ಲಿ ಹರಡಿಕೊಂಡಿದ್ದದ್ದು. ಬಿಜಾಪುರ ಬಿದ್ದ ದಿನವೇ ಆದಿಲ್‌ಶಾಹಿ ಮುಗಿಯಿತು, ಏಕೆಂದರೆ ಅದರ ಸರದಾರರು ಹೊಸ ಒಡೆಯನ ಸಂಬಳಕ್ಕೆ ಸೇರಿಕೊಳ್ಳಬಹುದಾಗಿತ್ತು ಮತ್ತು ಸೇರಿಕೊಂಡರು. ಬೇಡ ಕೋವಿಯಾಳುವಿಗೆ ನಾಯಕನನ್ನು ಬಿಟ್ಟರೆ ಬೇರೆ ಒಡೆಯನಲ್ಲಿ ಬಾಳುವ ದಾರಿ ಅಷ್ಟು ಸುಲಭವಾಗಿ ತೆರೆದಿರಲಿಲ್ಲ.

ಹದಿನೆಂಟನೆಯ ಶತಮಾನದ ಆರಂಭದಲ್ಲಿ ಪಿಡ್ಡನಾಯಕನು ರಾಜಧಾನಿಯನ್ನು ವಾಗಣಗೇರಾದಿಂದ ಪೂರ್ವಕ್ಕೆ, ಬೆಟ್ಟಗಳು ಸುತ್ತುವರಿದ ಸುರಪುರಕ್ಕೆ ತಂದನು. ಯುದ್ಧಗಳ ದಾಖಲೆಗಳಲ್ಲಿ ಬರಿಯ ದಂಗೆಕೋರನಾಗಿ ಕಾಣುವ ವ್ಯಕ್ತಿ ಇಲ್ಲಿ ಊರು ಕಟ್ಟಿದ ದೊರೆಯಾಗಿ ಕಾಣುತ್ತಾನೆ. ವೇಣುಗೋಪಾಲಸ್ವಾಮಿ ಸಂಸ್ಥಾನದ ಆರಾಧ್ಯದೈವವಾದನು. ಶ್ರೀವೈಷ್ಣವ ಗುರುಗಳು ಬಂದು ನೆಲೆಸಿದ್ದರಿಂದ ಪಟ್ಟಣ ಸಂಸ್ಕೃತ ವಿದ್ವತ್ತಿನ ಕೇಂದ್ರವೂ ಆಯಿತು. ಗೋಕುಲಾಷ್ಟಮಿಯ ಸಮಯದಲ್ಲಿ ನಡೆಯುವ ವೇಣುಗೋಪಾಲಸ್ವಾಮಿ ಜಾತ್ರೆಯಲ್ಲಿ ಎತ್ತರದ ಕಂಬಗಳನ್ನು ನೆಟ್ಟು, ಜಾರುವ ಆ ಕಂಬಗಳನ್ನು ಹತ್ತುವವರ ಮೇಲೆ ನೀರೆರಚುತ್ತಿರುವಾಗ ಅವರು ಒಬ್ಬರ ಹೆಗಲ ಮೇಲೊಬ್ಬರು ನಿಂತು ತುದಿ ಮುಟ್ಟುವ ಸ್ತಂಭಾರೋಹಣ ಇಂದಿಗೂ ನಡೆಯುತ್ತದೆ, ಮತ್ತು ಅರಸು ಮನೆತನಕ್ಕೆ ಅದರಲ್ಲಿ ಇಂದಿಗೂ ಮರ್ಯಾದೆ ಸಲ್ಲುತ್ತದೆ. ಚಿನ್ನದ ರೇಕು ಬಳಸಿ ದೇವತೆಗಳನ್ನೂ ದರ್ಬಾರಿನ ದೃಶ್ಯಗಳನ್ನೂ ಬರೆದ ಸುರಪುರ ಶೈಲಿಯ ಚಿತ್ರಕಲೆ ಅನಂತರದ ತಲೆಮಾರುಗಳದ್ದಾದರೂ ಗರುಡಾದ್ರಿ ಮನೆತನದ ಕಲಾವಿದರು ಅದನ್ನು ಬೆಳೆಸಿದ್ದು ಈ ಹೊಸ ರಾಜಧಾನಿಯ ಆಶ್ರಯದಲ್ಲಿಯೇ.

ಸಂಸ್ಥಾನದ ವಂಶಾವಳಿಗಳು ಪೀತಾಂಬರ ಪಿಡ್ಡನಾಯಕನ ಆಳ್ವಿಕೆಯನ್ನು 1726ರವರೆಗೆ ಎಣಿಸುತ್ತವೆ. ಅಷ್ಟು ಹೊತ್ತಿಗೆ ದಖ್ಖನಿನ ರಾಜಕೀಯ ಸ್ವರೂಪವೇ ಬೇರೆಯಾಗಿತ್ತು. ವಾಗಣಗೇರಾದ ಮುತ್ತಿಗೆಯಲ್ಲಿ ಸೇನಾನಿಯಾಗಿದ್ದ ಚಿನ್ ಕಿಲಿಚ್ ಖಾನನೇ 1724ರಲ್ಲಿ ನಿಜಾಮ್-ಉಲ್-ಮುಲ್ಕ್ ಆಸಫ್ ಜಾಹನೆಂಬ ಬಿರುದಿನೊಡನೆ ಹೈದರಾಬಾದಿನ ಸಂಸ್ಥಾನವನ್ನು ಸ್ಥಾಪಿಸಿದನು, ಮತ್ತು ಸುರಪುರದ ನಾಯಕರು ಒಂದು ಕಡೆ ಅವನ ಸಂತತಿಗೂ ಇನ್ನೊಂದು ಕಡೆ ಮರಾಠರ ಪೇಶ್ವೆಗಳಿಗೂ ಕಪ್ಪ ಸಲ್ಲಿಸುತ್ತ, ಒಬ್ಬರನ್ನು ಇನ್ನೊಬ್ಬರಿಗೆ ಎದುರಾಗಿ ನಿಲ್ಲಿಸುತ್ತ, ಪಿಡ್ಡನಾಯಕನು ಪಳಗಿಸಿದ್ದ ವಿದ್ಯೆಯಿಂದಲೇ ಮತ್ತೊಂದು ಶತಮಾನ ಆಳಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ವಿದ್ಯೆಗೆ ಜಾಗವಿರಲಿಲ್ಲ. ಕಪ್ಪದ ಬಾಕಿಗೆ ಸಾಹುಕಾರರ ಸಾಲ, ಸಾಲಕ್ಕೆ ಬ್ರಿಟಿಷ್ ಕಂಪನಿಯ ಮೇಲ್ವಿಚಾರಣೆ, ಎಳೆಯ ದೊರೆಯ ಪರವಾಗಿ ಮೆಡೋಸ್ ಟೇಲರನ ಆಡಳಿತ ಎಂದು ಒಂದರ ಹಿಂದೊಂದು ಬಂದವು. ಟೇಲರನು 1853ರಲ್ಲಿ ಹೊರಟು ಐದು ವರ್ಷವಾಗುವಷ್ಟರಲ್ಲಿ, 1858ರ ಫೆಬ್ರವರಿಯಲ್ಲಿ, ರಾಜಾ ವೆಂಕಟಪ್ಪನಾಯಕನು ಬ್ರಿಟಿಷರ ವಿರುದ್ಧ ಕಾದಿ ಸೋತು ಸೆರೆಯಾದನು, ಸೆರೆಯಲ್ಲಿರುವಾಗಲೇ ಗುಂಡೇಟಿನಿಂದ ತೀರಿಕೊಂಡನು. ಎರಡು ವರ್ಷಗಳ ಮೇಲೆ, 1860ರಲ್ಲಿ, ಬ್ರಿಟಿಷರು ಸುರಪುರವನ್ನು ಚಿನ್ ಕಿಲಿಚ್ ಖಾನನ ವಂಶದವನಾದ ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು.